ತಲೆಸುತ್ತೂ ದೇಹದ ಸಮತೂಕವೂ

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತಲೆಸುತ್ತಿಗೆ ಅಂಜಿ ಎರಡು ವರುಷ ಮನೆಯ ಹೊಸ್ತಿಲನ್ನು ದಾಟದೆ ಇದ್ದಳೆಂದು ಕೇಳಿ ನಾವು ವ್ಯಸನಪಟ್ಟೆವು. ಆಕೆಯಂಥವರ ನಿಮಿತ್ತ ಈ ಪಾಠವನ್ನು ಬರೆಯುತ್ತೇವೆ.

ದೇಹವನ್ನು ನೆಟ್ಟಗೆ ನಿಲ್ಲಿಸುವವು ಮೂರು: ಕಣ್ಣು, ಕಾಲುಕೀಲುಗಳ ಸ್ಪರ್ಶಜ್ಞಾನ, ಒಳಕಿವಿ. ಒಂದು ಒಳಕಿವಿ ಊನವಾದರೆ, ಮಿಕ್ಕವುಗಳ ಸಹಾಯದಿಂದ ಮಿದುಳು ಸಮತೂಕವನ್ನು ಹೊಸದಾಗಿ ಕಲಿಯಬಲ್ಲದು. ಆದರೆ ಅಲುಗಾಡದೆ ಮಲಗಿದವರಿಗೆ ಆ ಕಲಿಕೆ ದೊರೆಯದು. ಆದಕಾರಣ 1940ರ ದಶಕದಲ್ಲಿ ಇಂಗ್ಲೆಂಡಿನ ಕಾಥಾರ್ನ್, ಕುಕ್ಸೀ ಎಂಬ ವೈದ್ಯರು ಒಂದು ಅಭ್ಯಾಸಕ್ರಮವನ್ನು ರಚಿಸಿದರು: ಮೊದಲು ಕಣ್ಣುಗಳನ್ನೂ ಬಳಿಕ ತಲೆಯನ್ನೂ ಮೆಲ್ಲನೆ ಆಡಿಸುವುದು, ಆಮೇಲೆ ನಿಂತು, ನಡೆದು ಸಾಧಿಸುವುದು. ಮೊದಮೊದಲು ತಲೆ ತಿರುಗೀತು, ಅದಕ್ಕಾಗಿ ಬಿಡಬಾರದು. ಬೀಳದಂತೆ ಒಬ್ಬರು ಬಳಿಯಲ್ಲಿರಲಿ.

ಹಾಸಿಗೆಯಲ್ಲಿ ಹೊರಳುವಾಗ ಕ್ಷಣಕಾಲ ಬರುವ ಸುತ್ತು ಬಹುಮಟ್ಟಿಗೆ ಬೇರೆ ಬಗೆಯದು. ಒಳಕಿವಿಯ ಸುಣ್ಣದ ಹರಳುಗಳು ಸ್ಥಾನ ತಪ್ಪುವುದೇ ಅದರ ಕಾರಣ. ವೈದ್ಯರು ತಲೆಯನ್ನು ಕ್ರಮವಾಗಿ ತಿರುಗಿಸಿ ಅವನ್ನು ಹಿಂದಕ್ಕೆ ಸೇರಿಸುತ್ತಾರೆ. ಕೊರಿಯಾ ದೇಶದಿಂದ 2020ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ವಿಟಮಿನ್ ಡಿ ಕೊರತೆಯಿದ್ದವರಿಗೆ ಅದನ್ನೂ ಕ್ಯಾಲ್ಸಿಯಮನ್ನೂ ಕೊಡಲು, ಈ ಸುತ್ತು ಮರುಕಳಿಸುವುದು ತಗ್ಗಿತು. ಆದರೂ ರಕ್ತಪರೀಕ್ಷೆಯಿಲ್ಲದೆ ಗುಳಿಗೆ ನುಂಗಬಾರದು. ಸುತ್ತಿನೊಡನೆ ಮಾತು ತೊದಲಿದರೆ ಅಥವಾ ಕೈಕಾಲು ಸೋತರೆ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಆ ವಿದ್ಯಾರ್ಥಿನಿ ದಿನಾಲು ಅಭ್ಯಾಸಮಾಡಿ, ಈಗ ಗೋಡೆ ಹಿಡಿಯದೆ ಬಾವಿಯ ತನಕ ನಡೆಯುತ್ತಾಳೆ.