ನ್ಯಾಯಾಧೀಶರನ್ನು ಕೇಳೋರು ಯಾರು?

ತಂಟೆ ತಕರಾರು ಬಂದರೆ ನಾವು ಕೋರ್ಟಿಗೆ ಹೋಗ್ತೀವಿ. ನ್ಯಾಯಾಧೀಶರು ತೀರ್ಪು ಕೊಡ್ತಾರೆ. ಕಳವು, ಕೊಲೆಯಂಥ ಅಪರಾಧ ನಡೆದರೆ ಸರ್ಕಾರದ ಕಡೆಯಿಂದ ಪ್ರಾಸಿಕ್ಯೂಟರ್ ಮೊಕದ್ದಮೆ ನಡೆಸ್ತಾರೆ. ಇವರೇ ಲಂಚ ತಗೊಂಡರೆ ಕೇಳೋರು ಯಾರು? ಸರ್ಕಾರವೇ ಕೇಳಲಿ ಅಂತೀರಾ? ಹಾಗಾದರೆ ಸರ್ಕಾರದ ವಿರುದ್ಧ ತೀರ್ಪು ಕೊಟ್ಟವರಿಗೆ ಮರುದಿನವೇ ಎತ್ತಂಗಡಿ ಆಗಬಹುದು, ಅಲ್ವಾ?

ಈ ತೊಡಕು ಬಿಡಿಸಲು ಕೆಲವು ದೇಶಗಳು ಬೇರೆಯೇ ಒಂದು ಮಂಡಳಿ ಮಾಡಿಕೊಂಡಿವೆ. ಟರ್ಕಿ ದೇಶದ ಮಂಡಳಿಯನ್ನು ನೋಡೋಣ.

ಮಂಡಳಿಯ ಕೆಲಸ

ನ್ಯಾಯಾಧೀಶರು, ಪ್ರಾಸಿಕ್ಯೂಟರರು ಇಬ್ಬರೂ ಈ ಒಂದೇ ಮಂಡಳಿಯ ಕೆಳಗೆ ಬರ್ತಾರೆ. ನೇಮಕ, ವರ್ಗಾವಣೆ, ಬಡ್ತಿ, ಶಿಕ್ಷೆ ಎಲ್ಲವೂ ಇದರ ಕೈಲಿದೆ. ದೂರು ಬಂದರೆ ಮಂಡಳಿಯ ತನಿಖಾಧಿಕಾರಿಗಳು ವಿಚಾರಿಸುತ್ತಾರೆ. ತಪ್ಪು ಸಣ್ಣದಾದರೆ ಎಚ್ಚರಿಕೆ, ದೊಡ್ಡದಾದರೆ ಕೆಲಸದಿಂದ ವಜಾ.

ಸದಸ್ಯರನ್ನು ಆರಿಸೋರು ಯಾರು?

ಗಂಟು ಇರೋದು ಇಲ್ಲೇ. 2010ರ ತಿದ್ದುಪಡಿಯಂತೆ ಮಂಡಳಿಯಲ್ಲಿ 22 ಜನ ಇದ್ದರು. ಅವರಲ್ಲಿ 10 ಜನರನ್ನು ನ್ಯಾಯಾಧೀಶರು, ಪ್ರಾಸಿಕ್ಯೂಟರರೇ ಮತ ಹಾಕಿ ಆರಿಸುತ್ತಿದ್ದರು. 2017ರ ತಿದ್ದುಪಡಿ ಇದನ್ನು ಬದಲಿಸಿತು. ಈಗಿರುವುದು 13 ಜನ. 4 ಜನರನ್ನು ರಾಷ್ಟ್ರಾಧ್ಯಕ್ಷರು ನೇಮಿಸುತ್ತಾರೆ. 7 ಜನರನ್ನು ಸಂಸತ್ತು ಆರಿಸುತ್ತದೆ. ನ್ಯಾಯ ಮಂತ್ರಿಯೇ ಮಂಡಳಿಯ ಅಧ್ಯಕ್ಷ. ಅವರ ಇಲಾಖೆಯ ಒಬ್ಬ ಉಪಮಂತ್ರಿಯೂ ಸದಸ್ಯ. ಯಾರನ್ನಾದರೂ ತನಿಖೆ ಮಾಡಬೇಕಾದರೆ ಮಂತ್ರಿಯ ಒಪ್ಪಿಗೆ ಬೇಕು. ನ್ಯಾಯಾಧೀಶರು ತಾವೇ ಆರಿಸಿದ ಸದಸ್ಯ ಈಗ ಒಬ್ಬರೂ ಇಲ್ಲ.

ಮಂಡಳಿಯ ಶಕ್ತಿ ಎಷ್ಟು ಗೊತ್ತಾ? 2016ರ ಜುಲೈ 15ರಂದು ಅಲ್ಲಿ ಸೈನಿಕ ದಂಗೆಯ ಪ್ರಯತ್ನ ನಡೆಯಿತು. ಮರುದಿನವೇ 2,745 ನ್ಯಾಯಾಧೀಶರು, ಪ್ರಾಸಿಕ್ಯೂಟರರು ಅಮಾನತಾದರು. ಬೇಲಿ ಬೇಕು, ನಿಜ. ಆದರೆ ಬೇಲಿಯ ಬಾಗಿಲ ಕೀಲಿ ಯಾರ ಕೈಲಿದೆ ಅನ್ನೋದನ್ನೂ ನೋಡಬೇಕು.

ನಮ್ಮಲ್ಲಿ ಹೇಗೆ?

ಭಾರತದಲ್ಲಿ ಇಂಥ ಮಂಡಳಿ ಇಲ್ಲ. ಸಂವಿಧಾನದ 235ನೇ ವಿಧಿಯಂತೆ ಜಿಲ್ಲಾ ಕೋರ್ಟು ಮತ್ತು ಅದರ ಕೆಳಗಿನ ಕೋರ್ಟುಗಳು ಹೈಕೋರ್ಟಿನ ಹತೋಟಿಯಲ್ಲಿವೆ. ಕಾಸರಗೋಡಿನವರಿಗೆ ಕೇರಳ ಹೈಕೋರ್ಟು, ತಾಳವಾಡಿಯವರಿಗೆ ಮದ್ರಾಸ್ ಹೈಕೋರ್ಟು, ಸೊಲ್ಲಾಪುರದವರಿಗೆ ಬಾಂಬೆ ಹೈಕೋರ್ಟು, ಆದೋನಿಯವರಿಗೆ ಆಂಧ್ರಪ್ರದೇಶ ಹೈಕೋರ್ಟು.

ಒಂದು ಮಾತು ನೆನಪಿಡಿ. ತೀರ್ಪು ಸರಿಯಿಲ್ಲ ಅನ್ನಿಸಿದರೆ ಮೇಲಿನ ಕೋರ್ಟಿಗೆ ಅಪೀಲು ಹೋಗಬೇಕು. ನ್ಯಾಯಾಧೀಶರ ನಡತೆಯೇ ಸರಿಯಿಲ್ಲದಿದ್ದರೆ, ಉದಾಹರಣೆಗೆ ಲಂಚ ಕೇಳಿದರೆ, ಹೈಕೋರ್ಟಿಗೆ ದೂರು ಬರೆಯಬಹುದು. ಅಪೀಲು ಬೇರೆ, ದೂರು ಬೇರೆ. ದೂರು ಕೊಟ್ಟ ಮಾತ್ರಕ್ಕೆ ತೀರ್ಪು ಬದಲಾಗೋದಿಲ್ಲ. ಅಪೀಲಿಗೆ ಗಡುವು ಇದೆ, ತಡಮಾಡಬೇಡಿ.

ಪದಗಳ ಅರ್ಥ

ಅಮಾನತು – ತಾತ್ಕಾಲಿಕವಾಗಿ ಕೆಲಸದಿಂದ ದೂರ ಇಡುವುದು
ವಜಾ – ಕೆಲಸದಿಂದ ತೆಗೆದುಹಾಕುವುದು
ಗಡುವು – ಗೊತ್ತುಮಾಡಿದ ಕೊನೆಯ ದಿನ

ಓದಿ, ಉತ್ತರ ಬರೆಯಿರಿ

1. ಟರ್ಕಿಯ ಮಂಡಳಿಯಲ್ಲಿ ಈಗ ಎಷ್ಟು ಸದಸ್ಯರಿದ್ದಾರೆ?
2. ಅಪೀಲಿಗೂ ದೂರಿಗೂ ಏನು ವ್ಯತ್ಯಾಸ?
3. ನ್ಯಾಯಾಧೀಶರ ಮೇಲ್ವಿಚಾರಣೆ ಮಂತ್ರಿಯ ಕೈಲಿದ್ದರೆ ಒಳ್ಳೆಯದೇ? ಗುಂಪಿನಲ್ಲಿ ಚರ್ಚಿಸಿ.