ಕಡಿದ ನರಕ್ಕೊಂದು ಸೇತುವೆ

ಮೆದುಳು ಹಾಗೂ ಬೆನ್ನುಹುರಿಗಳಿಂದ ಹೊರಟು ಕೈಕಾಲುಗಳ ತುದಿಯವರೆಗೆ ಹಬ್ಬಿರುವ ನರಗಳಿಗೆ ಹೊರನರಗಳೆಂದು ಹೆಸರು. ಬಿಸಿಯನ್ನು ಮುಟ್ಟಿದ ಬೆರಳು ಮೆದುಳಿಗೆ ಸುದ್ದಿ ಕಳುಹಿಸುವುದೂ, ಲೇಖನಿಯನ್ನು ಹಿಡಿಯೆಂಬ ಆಜ್ಞೆ ಬೆರಳನ್ನು ತಲಪುವುದೂ ಇವುಗಳ ಮೂಲಕವೇ. ಒಡೆದ ಗಾಜು ತಗಲಿ ಮಣಿಕಟ್ಟಿನ ನರವು ಕಡಿದುಹೋಯಿತೆನ್ನೋಣ. ಚರ್ಮದ ಗಾಯವು ಕೆಲವೇ ವಾರಗಳಲ್ಲಿ ಮಾಯುವುದು. ಬೆರಳುಗಳು ಮಾತ್ರ ಮರಗಟ್ಟಿಯೇ ಉಳಿಯುವುವು. ಇಂತಹ ನರವನ್ನು ಮರಳಿ ಕೂಡಿಸುವ ಬಗೆ ಹೇಗೆ?

ಕಡಿದ ಸ್ಥಳದಿಂದ ಆಚೆಗಿನ ನರತಂತುಗಳು ನಶಿಸುತ್ತವೆಂಬುದನ್ನು 1850ರಲ್ಲಿ ಇಂಗ್ಲೆಂಡಿನ ವಾಲರ್ ಎಂಬ ವಿಜ್ಞಾನಿಯು ಕಪ್ಪೆಗಳಲ್ಲಿ ತೋರಿಸಿದನು. ಆದರೆ ತಂತುಗಳಿಗೆ ಹೊದಿಕೆಯಾಗಿದ್ದ ಶ್ವಾನ್ ಕೋಶಗಳು ಉಳಿದು, ಸಾಲುಗಟ್ಟಿ ದಾರಿಯನ್ನು ಕಾಯ್ದಿಡುತ್ತವೆ. ಈಚೆಯ ತುದಿಯಿಂದ ಹೊಸ ಚಿಗುರುಗಳು ಹೊರಟು, ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಬೆಳೆಯುತ್ತವೆ. ಮಣಿಕಟ್ಟಿನಿಂದ ಬೆರಳ ತುದಿಗೆ 18 ಸೆಂಟಿಮೀಟರಾದರೆ ಆರು ತಿಂಗಳು ಬೇಕು. ಕಂಕುಳ ಬಳಿ ಕಡಿದು, ಅಂಗೈಗೆ 60 ಸೆಂಟಿಮೀಟರು ದೂರವಿದ್ದರೆ ಇಪ್ಪತ್ತು ತಿಂಗಳು! ಆಜ್ಞೆಯಿಲ್ಲದ ಸ್ನಾಯುವು ಅಷ್ಟು ಕಾಲ ಕಾಯಲಾರದು. ಸುಮಾರು ಒಂದು ಒಂದೂವರೆ ವರ್ಷದಲ್ಲಿ ಬಹಳಮಟ್ಟಿಗೆ ಸೊರಗಿಹೋಗುವುದು.

ತುದಿಗಳು ಹತ್ತಿರವಿದ್ದರೆ ವೈದ್ಯರು ಸೂಕ್ಷ್ಮವಾದ ದಾರದಿಂದ ಹೊಲಿಯುತ್ತಾರೆ. ನಡುವೆ ಅಂತರವಿದ್ದರೆ ಎಳೆದು ಹೊಲಿಯುವಂತಿಲ್ಲ. ಆಗ ರೋಗಿಯ ಕಾಲಿನಿಂದಲೇ ಒಂದು ಸಣ್ಣ ನರವನ್ನು ತೆಗೆದು ಜೋಡಿಸುವರು. ಅದರಿಂದ ಪಾದದ ಹೊರ ಅಂಚು ಸ್ಪರ್ಶವನ್ನು ಕಳೆದುಕೊಳ್ಳುತ್ತದೆ. ಒಂದನ್ನು ಉಳಿಸಲು ಇನ್ನೊಂದನ್ನು ತೆರಬೇಕೇ ಎಂಬ ಪ್ರಶ್ನೆಯಿಂದ ನಳಿಗೆಯ ಉಪಾಯವು ಬೆಳೆಯಿತು.

ಎರಡು ತುದಿಗಳನ್ನೂ ಒಂದು ಸಣ್ಣ ನಳಿಗೆಯೊಳಗೆ ಸೇರಿಸಿದರೆ ಅದರಲ್ಲಿ ದ್ರವವು ತುಂಬಿ, ನಾರಿನಂತಹ ಎಳೆಯೊಂದು ಮೂಡುವುದು. ಅದರ ಮೇಲೆ ಶ್ವಾನ್ ಕೋಶಗಳು ಸರಿಯುವುವು. ಅವುಗಳ ಹಿಂದೆ ಚಿಗುರುಗಳು ಬರುವುವು. ಸಿಲಿಕೋನಿನ ನಳಿಗೆಯು ಕರಗದೆ ಉಳಿದು ನರವನ್ನು ಅದುಮುವ ಭಯವಿತ್ತು. ಆದಕಾರಣ ಕೆಲಸ ಮುಗಿದ ಮೇಲೆ ದೇಹದಲ್ಲಿ ಕರಗುವ ಕೊಲಾಜನ್, ಪಾಲಿಗ್ಲೈಕೋಲಿಕ್ ಆಮ್ಲ, ಕೈಟೋಸಾನ್ ಮೊದಲಾದ ವಸ್ತುಗಳು ಬಳಕೆಗೆ ಬಂದವು. ಆದರೂ ಸುಮಾರು 3 ಸೆಂಟಿಮೀಟರಿಗಿಂತ ದೊಡ್ಡ ಅಂತರಕ್ಕೆ ಸ್ವಂತ ನರವೇ ಇಂದಿಗೂ ಮೇಲು.

ಕೈಟೋಸಾನನ್ನು ಪಡೆಯುವುದು ಸಿಗಡಿ, ಏಡಿಗಳ ಚಿಪ್ಪಿನಿಂದ. ಕೊಚ್ಚಿಯಲ್ಲಿ 1957ರಲ್ಲಿ ಸ್ಥಾಪಿತವಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು, ಎಸೆಯುವ ಸಿಗಡಿಚಿಪ್ಪಿನಿಂದ ಇದನ್ನು ತಯಾರಿಸುವ ವಿಧಾನವನ್ನು ರೂಪಿಸಿತು. ಇನ್ನು ನಮ್ಮ ತಿರುವನಂತಪುರದ ಪೂಜಪ್ಪುರದಲ್ಲಿ, ರಾಜಮನೆತನವು ದಾನವಿತ್ತ ಸಾಟಲ್‌ಮಂಡ್ ಅರಮನೆಯಲ್ಲಿ, ಶ್ರೀ ಚಿತ್ರಾ ಸಂಸ್ಥೆಯ ಜೈವಿಕ ವೈದ್ಯಕೀಯ ತಂತ್ರಜ್ಞಾನ ವಿಭಾಗವಿದೆ. ದೇಹದೊಳಗೆ ಇಡುವ ವಸ್ತುವನ್ನು ಎಷ್ಟು ಪರೀಕ್ಷಿಸಬೇಕೆಂಬುದಕ್ಕೆ ಡಾ. ವಲಿಯತ್ತಾನರ ನೇತೃತ್ವದಲ್ಲಿ ಅಲ್ಲಿ ಸಿದ್ಧವಾದ ಹೃದಯದ ಕವಾಟವೇ ಸಾಕ್ಷಿ. ಮೊದಲಿನ ಮಾದರಿಗಳು ಪರೀಕ್ಷೆಯಲ್ಲಿ ಸೋತವು. ಮತ್ತೆ ಮತ್ತೆ ವಸ್ತುವನ್ನು ಬದಲಿಸಿ, ಕುರಿಗಳಲ್ಲಿ ಪರೀಕ್ಷಿಸಿದ ಬಳಿಕವೇ, 1990ರ ಡಿಸೆಂಬರಿನಲ್ಲಿ ಅದನ್ನು ಪ್ರಥಮವಾಗಿ ಮನುಷ್ಯನಿಗೆ ಅಳವಡಿಸಿದರು. ನರದ ನಳಿಗೆಗೂ ಇಂತಹ ತಾಳ್ಮೆಯೇ ಬೇಕು.

ವಿದ್ಯಾರ್ಥಿಗಳೇ, ಕೈ ಕೊಯ್ದಾಗ ರಕ್ತವು ನಿಂತಿತೆಂದು ಸುಮ್ಮನಿರಬೇಡಿರಿ. ಪ್ರತಿ ಬೆರಳಿಗೂ ಸ್ಪರ್ಶವು ತಿಳಿಯುವುದೇ, ಬೆರಳುಗಳು ಅಗಲಿಸಿ ಮಡಿಸಲು ಬರುವುವೇ ಎಂದು ನೋಡಿರಿ. ಇಲ್ಲವಾದರೆ ಆ ದಿನವೇ ವೈದ್ಯರಲ್ಲಿಗೆ ಹೋಗಿ ಈ ಮಾತನ್ನು ತಿಳಿಸಿರಿ. ದಿನಕ್ಕೊಂದು ಮಿಲಿಮೀಟರು ನಡೆಯುವ ನರಕ್ಕೆ ನಾವು ಕಳೆಯುವ ಪ್ರತಿ ದಿನವೂ ನಷ್ಟವೇ.