‘ಚಂದ್ರ ಭಾಳ ಚಂದ ಕಾಣಾಕತ್ತಾನ’: ಒಂದು ಜಪಾನಿ ಪ್ರೇಮಕಥೆ ಮತ್ತು ನಮ್ಮ ಐದು ತಾಲೂಕಿನ ಮಾತು

2017ರ ಏಪ್ರಿಲ್‌ನಿಂದ ಜೂನ್‌ವರೆಗೆ ಜಪಾನಿನ ಟಿ.ವಿ.ಯಲ್ಲಿ ‘ತ್ಸುಕಿ ಗಾ ಕಿರೇ’ ಎಂಬ ಅನಿಮೆ ಸರಣಿ ಬಂತು. ಒಟ್ಟು 12 ಕಂತು, ಒಂದೊಂದು ಅರ್ಧ ತಾಸಿಗಿಂತ ಕಡಿಮೆ. ಒಂದು ರವಿವಾರ ಕೂತರೆ ಮುಗಿದುಹೋಗುತ್ತದೆ. ನಿರ್ದೇಶನ ಸೇಜಿ ಕಿಶಿ, ಬರವಣಿಗೆ ಯೂಕೊ ಕಾಕಿಹಾರಾ. ಬಹಳಷ್ಟು ಅನಿಮೆಗಳ ಹಾಗೆ ಇದು ಮಾಂಗಾದಿಂದ ಬಂದದ್ದಲ್ಲ, ಟಿ.ವಿ.ಗಾಗಿಯೇ ಬರೆದ ಕಥೆ. ಹೆಸರಿನ ಅರ್ಥ ‘ಚಂದ್ರ ಚೆಂದ ಇದ್ದಾನೆ’ ಅಂತ.

ಕನ್ನಡ ಬಳಗಕ್ಕೂ ಅನಿಮೆಗೂ ಏನ ಸಂಬಂಧ ಅಂತ ಕೇಳಬಹುದು. ನಮ್ಮ ಬಳಗದಾಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯವರೇ ಹೆಚ್ಚು. ಕಿರುಚಿತ್ರಕ್ಕೆ, ಗ್ಯಾದರಿಂಗ್ ನಾಟಕಕ್ಕೆ ಪ್ರೀತಿಯ ದೃಶ್ಯ ಬರೆಯಲು ಕೂತರೆ ನಮ್ಮ ಪಾತ್ರಗಳು ಇದ್ದಕ್ಕಿದ್ದಂತೆ ಬೆಂಗಳೂರು ಸಿನಿಮಾದ ಕನ್ನಡ ಮಾತಾಡಲು ಶುರು ಮಾಡುತ್ತವೆ. ಮನ್ಯಾಗ ‘ಹೋಗಾಕತ್ತೇನಿ’ ಅನ್ನೋ ಹುಡುಗ ಸ್ಟೇಜಿನ ಮೇಲೆ ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಅಂತಾನೆ, ಎಲ್ಲರೂ ನಗತಾರ. ನಗು ಬರೋದು ಪ್ರೀತಿಗಲ್ಲ, ಆ ವಾಕ್ಯಕ್ಕೆ. ಈ ತೊಡಕನ್ನು ‘ತ್ಸುಕಿ ಗಾ ಕಿರೇ’ ಹೇಗೆ ದಾಟಿದೆ ಎಂದು ನೋಡುವುದು ಈ ಪಾಠದ ಕೆಲಸ.

ಕಥೆ ನಡೆಯುವುದು ಟೋಕಿಯೋದ ವಾಯವ್ಯಕ್ಕಿರುವ ಕವಾಗೋಯೆ ಎಂಬ ಹಳೆಯ ಊರಿನಲ್ಲಿ. ಹುಡುಗ ಕೋತಾರೊ ಅಜುಮಿ, ಕಥೆ ಬರೆಯುವವನು, ದಜಾಯಿ ಒಸಾಮು ಎಂಬ ಲೇಖಕನ ಭಕ್ತ. ಹುಡುಗಿ ಅಕಾನೆ ಮಿಜುನೊ, ಓಟಗಾರ್ತಿ. ಅಂಜಿಕೆ ಬಂದಾಗ ಒಂದು ಪುಟ್ಟ ಗೊಂಬೆಯನ್ನು ಹಿಚುಕುವ ರೂಢಿ ಆಕೆಯದು. ಇಬ್ಬರಿಗೂ 14-15 ವಯಸ್ಸು, ನಮ್ಮ ಲೆಕ್ಕದಲ್ಲಿ ಒಂಬತ್ತನೇ ಇಯತ್ತೆ. ಅವರು ಇದನ್ನು ಹೈಸ್ಕೂಲ್ ಅನ್ನೂದಿಲ್ಲ, ನಾವು ಅಂತೀವಿ. ಹೈಸ್ಕೂಲಿಗೆ ಹೋಗಲು ಅವರು ಪ್ರವೇಶ ಪರೀಕ್ಷೆ ಬರೀಬೇಕು. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿ ಬಂದವರಿಗೆ ಆ ವರ್ಷದ ಒತ್ತಡ ಬೇರೆ ಹೇಳಬೇಕಾಗಿಲ್ಲ.

ಈಗ ಹೆಸರಿನ ವಿಷಯ. ಕಾದಂಬರಿಕಾರ ನಾತ್ಸುಮೆ ಸೋಸೆಕಿ (1867-1916) ಇಂಗ್ಲಿಷ್ ಕಲಿಸುವಾಗ ವಿದ್ಯಾರ್ಥಿಯೊಬ್ಬ ‘ಐ ಲವ್ ಯೂ’ ಎಂಬುದನ್ನು ಶಬ್ದಕ್ಕೆ ಶಬ್ದ ಇಟ್ಟು ಅನುವಾದಿಸಿದನಂತೆ. ಜಪಾನಿಯವರು ಹಾಗೆ ಅನ್ನೋದಿಲ್ಲ, ‘ಚಂದ್ರ ಚೆಂದ ಇದ್ದಾನೆ’ ಅಂತ ಬರಿ, ಸಾಕು ಎಂದು ಸೋಸೆಕಿ ಹೇಳಿದನಂತೆ. ಜಪಾನಿನಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ, ಆದರೆ ಸೋಸೆಕಿಯ ಬರಹಗಳಲ್ಲಿ ಇದಕ್ಕೆ ಪುರಾವೆ ಸಿಕ್ಕಿಲ್ಲ. ದಂತಕಥೆ ಅಂತಲೇ ಇಟ್ಟುಕೊಳ್ಳೋಣ. ದಂತಕಥೆ ಉಳಿದಿರುವುದಕ್ಕೂ ಕಾರಣ ಇದ್ದೇ ಇರುತ್ತದೆ.

ಮೂರನೇ ಕಂತಿನಲ್ಲಿ ಗುಡಿಯ ಹತ್ತಿರ, ಬೆಳದಿಂಗಳಲ್ಲಿ ಕೋತಾರೊ ಕೊನೆಗೂ ಬಾಯಿ ಬಿಡುತ್ತಾನೆ. ಅವನು ಬಳಸುವುದು ‘ತ್ಸುಕಿಆತ್ತೆ’ ಎಂಬ ಮಾತು. ಅದರ ಮೂಲ ಅರ್ಥದಲ್ಲಿ ಪ್ರೀತಿ ಎಂಬ ಶಬ್ದವೇ ಇಲ್ಲ, ‘ಜೋಡಿ ಆಗಿ ಬಾ’ ಎಂಬ ಹತ್ತಿರದ ಅರ್ಥ. ಜಪಾನಿ ಹುಡುಗರು ‘ಸುಕಿ’ ಅಂತಲೂ ಅಂತಾರೆ. ಮೀನಿಗೂ ಅದೇ ಮಾತು, ಹುಡುಗಿಗೂ ಅದೇ ಮಾತು. ಇಂಗ್ಲಿಷ್ ಅಡಿಬರಹದಲ್ಲಿ ನೋಡಿದರೆ ಇದು ಕಾಣುವುದಿಲ್ಲ. ಕನ್ನಡದವರಿಗೆ ಮಾತ್ರ ತಟ್ಟನೆ ತಿಳೀತದ, ಯಾಕಂದ್ರ ನಮ್ಮ ಕಡೆ ‘ಸೇರು’ ಐತಿ. ‘ನನಗ ಬದನಿಕಾಯಿ ಸೇರೂದಿಲ್ಲ.’ ‘ಅಂವ ನನಗ ಭಾಳ ಸೇರತಾನ.’ ಗಮನಿಸಿರಿ, ಇಲ್ಲಿ ‘ನಾನು’ ಏನೂ ಮಾಡುತ್ತಿಲ್ಲ. ‘ಪ್ರೀತಿಸುತ್ತೇನೆ’ ಅಂದರೆ ನಾನು ಮಾಡುವ ಕೆಲಸ. ‘ಸೇರತಾನ’, ‘ಮನಸ ಆಗೇತಿ’ ಅಂದರೆ ನನಗೆ ಆದ ಸಂಗತಿ. ಹದಿನೈದರ ವಯಸ್ಸಿಗೆ ಎರಡನೆಯದೇ ನಿಜಕ್ಕೆ ಹತ್ತಿರ.

ಇನ್ನೊಂದು, ಕರೆಯುವ ರೀತಿ. ಮೊದಲಿಗೆ ಅವರು ಒಬ್ಬರನ್ನೊಬ್ಬರು ಮನೆತನದ ಹೆಸರಿನಿಂದ ಕರೆಯುತ್ತಾರೆ: ಅಜುಮಿ, ಮಿಜುನೊ. ಸ್ವಂತ ಹೆಸರಿಗೆ ಬರಲು ತಿಂಗಳುಗಳು ಬೇಕಾಗುತ್ತವೆ, ಬಂದ ದಿನ ಇಬ್ಬರ ಮುಖವೂ ಕೆಂಪು. ನಮ್ಮಲ್ಲೂ ಹಾಜರಿಯಲ್ಲಿ ಅಡ್ಡಹೆಸರೇ ಮುಂದು. ‘ಏ ಪಾಟೀಲ’, ‘ಏ ಕಾಂಬಳೆ’ ಅಂತ ಮೂರು ವರ್ಷ ಕೂಗಿದವನು ಒಂದು ದಿನ ಹೆಸರು ಹಿಡಿದು ಮೆಲ್ಲಗೆ ಕರೆದರೆ ಕ್ಲಾಸಿಗೆಲ್ಲ ಗೊತ್ತಾಗಿಬಿಡುತ್ತದೆ. ಬರೆಯುವವರು ಇದನ್ನು ಯಾಕೆ ಬಿಟ್ಟಿದ್ದೇವೋ!

ನಡುವೆ ಇಬ್ಬರು ಗೆಳೆಯರ ಏಕಮುಖ ಪ್ರೀತಿ ಬರುತ್ತದೆ. ಆ ಕಂತುಗಳು ನಮಗೆ ಸ್ವಲ್ಪ ಎಳೆದಂತೆ ಕಂಡವು. ಗಟ್ಟಿ ಭಾಗ ಇರುವುದು ಕೊನೆಗೆ. ಅಪ್ಪನ ವರ್ಗಾವಣೆಯಿಂದ ಅಕಾನೆ ಟೋಕಿಯೋದ ಆಚೆ ಬದಿಯ ಚಿಬಾಕ್ಕೆ ಹೋಗಬೇಕು. ಕೋತಾರೊ ಅಲ್ಲಿಯ ಹೈಸ್ಕೂಲಿಗೇ ಪರೀಕ್ಷೆ ಬರೆಯುತ್ತಾನೆ. ಮೊದಲು ಬೇಡವೆಂದ ತಾಯಿ ಆಮೇಲೆ ಒಪ್ಪುತ್ತಾಳೆ. ಆದರೂ ಹುಡುಗ ಫೇಲಾಗುತ್ತಾನೆ. ಈ ಸೋಲನ್ನು ಬರೆದವರು ತಿದ್ದಲಿಲ್ಲ, ಅದಕ್ಕೇ ಸರಣಿ ನಮಗೆ ಹಿಡಿಸಿತು. ಅವನು ತಮ್ಮಿಬ್ಬರ ಕಥೆಯನ್ನೇ ಬರೆದು ಇಂಟರ್ನೆಟ್ಟಿಗೆ ಹಾಕುತ್ತಾನೆ. ಹೆಸರು ‘13.70’, 100 ಮೀಟರ್ ಓಟದಲ್ಲಿ ಅವಳು ತೆಗೆದುಕೊಂಡ ಸೆಕೆಂಡುಗಳು. ಊರು ಬಿಟ್ಟು ಹೊರಟ ರೈಲಿನಲ್ಲಿ ಕೂತು ಆಕೆ ಅದನ್ನು ಓದುತ್ತಾಳೆ.

ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆ ನಮ್ಮ ತಾಲೂಕುಗಳಲ್ಲೂ ಹಿಂಗೇ. ನಿಪ್ಪಾಣಿಯವರು ಕೊಲ್ಲಾಪುರಕ್ಕೆ, ಕಾಗವಾಡದವರು ಮಿರಜ-ಸಾಂಗಲಿಗೆ, ಅಥಣಿಯವರು ವಿಜಯಪುರಕ್ಕೆ, ರಾಯಬಾಗ-ಚಿಕ್ಕೋಡಿಯವರು ಬೆಳಗಾವಿ, ಧಾರವಾಡಕ್ಕೆ. ದೂರ ಹೆಚ್ಚಿಲ್ಲ, ಆದರೆ ರಾಜ್ಯ ಬೇರೆ, ಬೋರ್ಡ್ ಬೇರೆ, ಕೆಲವೊಮ್ಮೆ ಕಲಿಯುವ ಭಾಷೆಯೂ ಬೇರೆ.

ಇದನ್ನು ಚರ್ಚಿಸುವಾಗ ನಮ್ಮ ಗುಂಪಿನ ಒಬ್ಬಾಕೆ ಹೇಳಿದ ಮಾತನ್ನು ಇಲ್ಲಿ ಬಿಡುವಂತಿಲ್ಲ. ‘ಆ ಹುಡುಗಿ ಸುಮ್ಮನಿರೂದು ನಾಚಿಕಿಗೆ. ನಾವು ಸುಮ್ಮನಿರೂದು ಸಾಲಿ ಬಿಡಸ್ತಾರಂತ.’ ಅಕಾನೆಯ ಕೈಯಲ್ಲಿ ಅವಳದೇ ಫೋನ್ ಇದೆ. ನಮ್ಮಲ್ಲಿ ಆ ವಯಸ್ಸಿನ ಬಹಳ ಹುಡುಗಿಯರು ಹಿಡಿಯುವುದು ಅಪ್ಪನ ಫೋನ್, ಅಣ್ಣನ ಫೋನ್. ರಾತ್ರಿ ಬಂದ ‘ಊಟ ಆತ?’ ಎಂಬ ಒಂದು ಮೆಸೇಜು ಹುಡುಗನಿಗೆ ಎರಡು ಮಾತಿನ ಬೈಗುಳ ತಂದರೆ ಹುಡುಗಿಗೆ ಗಂಡು ನೋಡುವ ಮಾತು ತರಬಹುದು. ಎರಡೂ ಮೌನ ತೆರೆಯ ಮೇಲೆ ಒಂದೇ ಥರ ಕಾಣುತ್ತವೆ. ನಮ್ಮ ಕಥೆಯಲ್ಲಿ ಹುಡುಗಿ ಸುಮ್ಮನಿದ್ದರೆ ಅದು ಯಾವ ಮೌನ ಎಂಬುದು ಬರೆಯುವವರಿಗಾದರೂ ಗೊತ್ತಿರಬೇಕು.

ಅಭ್ಯಾಸಕ್ಕೆ ನಾವು ಬರೆದುಕೊಂಡ ಒಂದು ತುಣುಕು. ಪರೀಕ್ಷೆಯ ಕೊನೆಯ ದಿನ, ರಾಯಬಾಗ ಬಸ್ ಸ್ಟ್ಯಾಂಡ್:

‘ಅಪ್ಪ ಸಾಂಗಲಿಗೆ ಹಚ್ಚತಾನಂತ. ಮಾಮಾನ ಮನ್ಯಾಗ ಇರೂದು.’

‘ಹೌದ? ಚಲೋ ಆತ ಬಿಡು.’

(ಬಸ್ ಬರುತ್ತದೆ. ಆಕಿ ಹತ್ತತಾಳ.)

‘ಚಿಂಚಲಿ ಜಾತ್ರಿಗೆ ಬರ್ತಿ ಹೌದಲ್ಲ?’

‘ನೋಡೂಣು.’ (ಕಿಟಕಿಯಿಂದ) ‘ಹುಣ್ಣಿಮಿ ಯಾವಾಗ ಐತಿ, ನೋಡಿ ಇಟ್ಟಿರು.’

ಚಿಂಚಲಿ ಮಾಯಕ್ಕನ ಜಾತ್ರೆ ಭಾರತ ಹುಣ್ಣಿಮೆಯ ಸುತ್ತ, ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ. ಹಾಗಾಗಿ ಸಾಂಗಲಿಯಿಂದ ಆಕೆ ಬರಲು ಮನೆಯಲ್ಲಿ ಯಾರೂ ಬೇಡ ಅನ್ನೂದಿಲ್ಲ. ಪರೀಕ್ಷೆಯಿಂದ ಜಾತ್ರೆಗೆ ಸುಮಾರು ಹತ್ತು ತಿಂಗಳು. ಇಷ್ಟು ಗೊತ್ತಿದ್ದ ಓದುಗರಿಗೆ ಉಳಿದದ್ದನ್ನು ಬಿಡಿಸಿ ಹೇಳಬೇಕಿಲ್ಲ. ನೀವೂ ನಿಮ್ಮ ಊರಿನ ಸ್ಟ್ಯಾಂಡು, ಜಾತ್ರೆ, ಮಾತು ಇಟ್ಟುಕೊಂಡು ಇಂಥದೊಂದು ಆರೇಳು ಸಾಲಿನ ಸಂಭಾಷಣೆ ಬರೆಯಿರಿ. ‘ಪ್ರೀತಿ’, ‘ಲವ್’ ಎರಡೂ ಶಬ್ದ ಬರಬಾರದು.

ಸರಣಿ ನೋಡುವವರಿಗೆ ಒಂದು ಸೂಚನೆ: ಆರನೆಯ ಕಂತಿನ ನಂತರ ಹಿಂದಿನದನ್ನೇ ಕೂಡಿಸಿದ ಒಂದು ಹೆಚ್ಚುವರಿ ಕಂತು ಇದೆ, ಬಿಟ್ಟರೂ ನಡೆದೀತು. ಆದರೆ ಪ್ರತಿ ಕಂತಿನ ಕೊನೆಗೆ ಹೆಸರುಗಳ ಜೊತೆ ಬರುವ ಮೆಸೇಜುಗಳನ್ನು ಬಿಡಬೇಡಿ. ಅವು ಯಾರವು, ಯಾವ ವರ್ಷದವು ಎಂಬುದು ಹನ್ನೆರಡನೆಯ ಕಂತಿನಲ್ಲಿ ತಿಳಿಯುತ್ತದೆ.